ಮುಳ್ಳಯ್ಯನಗಿರಿಯ ಮಬ್ಬು ಎಲ್ಲಿಂದ?

ಪ್ರಶ್ನೆ: ಮಳೆ ನಿಂತ ಹೊಸತರಲ್ಲಿ ಮುಳ್ಳಯ್ಯನಗಿರಿಯಿಂದ ದೂರದ ಗುಡ್ಡಗಳು ನಿಚ್ಚಳ. ಜನವರಿಗೆ ಬೂದು ಮಬ್ಬು. ಸುತ್ತ ಕಾರ್ಖಾನೆಯೇ ಇಲ್ಲ, ಎಲ್ಲಿಂದ ಬಂತು? (ಚಿಕ್ಕಮಗಳೂರು)

ಉತ್ತರ: ಪ್ರತಿ ಜನವರಿಗೂ ಇದೇ ಪತ್ರ, ‘ಕಾರ್ಖಾನೆಯೇ ಇಲ್ಲ’ ಎಂಬ ಇದೇ ಸಾಲು. ಗಾಳಿಗೆ ಚೆಕ್‌ಪೋಸ್ಟ್ ಇಲ್ಲ ಸ್ವಾಮಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮಗೆ ಬರುವುದು ಅರಬ್ಬಿ ಸಮುದ್ರದ ಗಾಳಿ. ಇದ್ದಬದ್ದ ಕಣವನ್ನೂ ಘಟ್ಟದ ಮಳೆ ತೊಳೆದುಬಿಡುತ್ತದೆ. ನವೆಂಬರ್ ಹೊತ್ತಿಗೆ ದಿಕ್ಕು ತಿರುಗಿ, ಈಶಾನ್ಯದ ಕಡೆಯಿಂದ ಒಳನಾಡಿನ ನಗರ, ಉಷ್ಣ ವಿದ್ಯುತ್ ಸ್ಥಾವರ, ಹೊಲದ ಬೆಂಕಿ ಎಲ್ಲದರ ಮೇಲೂ ಹಾದು ಬರುತ್ತದೆ. ದಪ್ಪ ದೂಳು ಬೇಗ ನೆಲಕ್ಕಿಳಿಯುತ್ತದೆ. 2.5 ಮೈಕ್ರೋಮೀಟರ್‌ಗಿಂತ ಸಣ್ಣದು, ಅಂದರೆ ಕೂದಲೆಳೆಯ ಇಪ್ಪತ್ತು-ಮೂವತ್ತರಲ್ಲೊಂದು ಪಾಲು, ಮಳೆ ಬಾರದಿದ್ದರೆ ದಿನಗಟ್ಟಲೆ ತೇಲುತ್ತದೆ. ಕೆಲವಂತೂ ಹೊರಡುವಾಗ ಕಣವೇ ಆಗಿರುವುದಿಲ್ಲ. ಕಲ್ಲಿದ್ದಲು ಹೊಗೆಯ ಗಂಧಕದ ಅನಿಲ ದಾರಿಯಲ್ಲೇ ಸಲ್ಫೇಟ್ ಕಣವಾಗುತ್ತದೆ. ಹಿಂದೂ ಮಹಾಸಾಗರದ ಮೇಲಿನ ಗಾಳಿಯನ್ನು ಅಳೆಯಲು 1999ರಲ್ಲಿ ನಡೆದ ಇಂಡೋಯೆಕ್ಸ್ ಪ್ರಯೋಗದಲ್ಲಿ ನಮ್ಮ ಉಪಖಂಡದ ಈ ಮಬ್ಬನ್ನು ಮಾಲ್ಡೀವ್ಸ್‌ನಲ್ಲೂ ಅಳೆದಿದ್ದಾರೆ. ಸಮುದ್ರ ದಾಟುವ ಹೊಗೆಗೆ ಚಿಕ್ಕಮಗಳೂರು ಯಾವ ದೂರ?

ಹಾಗಂತ ಎಲ್ಲವನ್ನೂ ಹೊರಗಿನವರ ತಲೆಗೆ ಕಟ್ಟಬೇಡಿ. ಚಳಿಯ ಬೆಳಗ್ಗೆ ಆರಕ್ಕೆ ತೋಟದಂಚಿನಲ್ಲಿ ದರಗಿಗೆ ಬೆಂಕಿ ಹಾಕಿರುತ್ತಾರಲ್ಲ, ನಿಂತು ನೋಡಿ. ಹೊಗೆ ಒಂದಾಳೆತ್ತರ ಏರಿ, ಅಲ್ಲಿಂದ ಅಡ್ಡಕ್ಕೆ ಹರಡಿ ಕಣಿವೆಯಲ್ಲಿ ಮಲಗುತ್ತದೆ. ನೆಲದ ಬಳಿ ತಣ್ಣನೆಯ ಗಾಳಿ, ಅದರ ಮೇಲೆ ಬೆಚ್ಚನೆಯ ಗಾಳಿಯ ಮುಚ್ಚಳ. ಬಿಸಿಲೇರುವ ತನಕ ಅದು ತೆರೆಯುವುದಿಲ್ಲ. ಅದಕ್ಕೇ ನಾನು ಜನವರಿಯಲ್ಲಿ ಒಂಬತ್ತಕ್ಕೆ ಮುಂಚೆ ವಾಕಿಂಗ್ ಹೊರಡುವುದಿಲ್ಲ. ಪುಕ್ಕಲ ಅಂತ ಮನೆಯಲ್ಲಿ ನಗುತ್ತಾರೆ, ನಗಲಿ. ಫೆಬ್ರುವರಿ, ಮಾರ್ಚ್‌ನಲ್ಲಿ ಕಾಡ್ಗಿಚ್ಚೂ ಸೇರಿದರೆ ಕೇಳುವುದೇ ಬೇಡ. ಕಾಫಿ ಗಿಡದ ಹೂ ಅರಳಿಸುವ ಹೂಮಳೆ ಚೆನ್ನಾಗಿ ಬಿದ್ದರೆ ಮರುದಿನ ಗುಡ್ಡ ಮತ್ತೆ ಕಂಡೀತು.

ಪ್ರಶ್ನೆ: ಬೆಲ್ಲ ತಿಂದರೆ ಎದೆಯ ದೂಳು ಇಳಿಯುತ್ತದೆಯೇ? (ಅರಸೀಕೆರೆ)

ಉತ್ತರ: ಬೆಲ್ಲ ಹೋಗುವುದು ಹೊಟ್ಟೆಗೆ.

ಪ್ರಶ್ನೆ: ಸಂತೆಯಲ್ಲಿ ‘ಶ್ವಾಸಕೋಶ ತೊಳೆಯುವ’ ಕಷಾಯದ ಪುಡಿ ಕೊಟ್ಟರು. ಇನ್‌ಹೇಲರ್ ಬಿಡಬಹುದೇ? (ಸಕಲೇಶಪುರ)

ಉತ್ತರ: ಪುಡಿ ಬಿಡಿ. ಶ್ವಾಸಕೋಶವೇನು ಪಾತ್ರೆಯೇ, ತಿಕ್ಕಿ ತೊಳೆಯಲು? ಡಾಕ್ಟರನ್ನು ಕೇಳದೆ ಇನ್‌ಹೇಲರ್ ನಿಲ್ಲಿಸಿ ರಾತ್ರಿ ದಮ್ಮು ಹತ್ತಿದರೆ ಸಂತೆಯವನು ಸಿಗುವುದಿಲ್ಲ.

ಪ್ರಶ್ನೆ: ಈ ದೂಳು, ಹೊಗೆಗೆ ಮೂಗಿಗೆ ಒದ್ದೆ ಕರ್ಚೀಫು ಸಾಕೇ? (ಬೇಲೂರು)

ಉತ್ತರ: ಸಾಲದು. ಎನ್‌95 ಮಾಸ್ಕ್ ಬೇಕು, ಅದೂ ಮೂಗಿನ ಪಕ್ಕ ಸಂದಿಲ್ಲದಂತೆ.

ಪ್ರಶ್ನೆ: ಗಾಳಿಯ ಗುಣಮಟ್ಟದ ಆ್ಯಪ್‌ನಲ್ಲಿ 50 ತೋರಿಸುತ್ತಿದೆ. ಭಯವಿಲ್ಲ ತಾನೇ? (ಹಾಸನ)

ಉತ್ತರ: ಅದು ಸೂಚ್ಯಂಕವೋ ಮೈಕ್ರೋಗ್ರಾಮೋ, ಮೊದಲು ನೋಡಿ. 2.5 ಮೈಕ್ರೋಮೀಟರ್‌ಗಿಂತ ಸಣ್ಣ ಕಣ (ಪಿಎಂ 2.5) ಘನ ಮೀಟರ್ ಗಾಳಿಗೆ ಇಷ್ಟು ಮೈಕ್ರೋಗ್ರಾಮ್ ಎಂದಿದ್ದರೆ, ದಿನದ ಸರಾಸರಿಗೆ ನಮ್ಮ ದೇಶದ ಮಿತಿ 60, ವಿಶ್ವ ಆರೋಗ್ಯ ಸಂಸ್ಥೆಯದು 15. ನಾನು ಹದಿನೈದರ ಪಕ್ಷದವನು.