ವಾಚ್ ಹಾಡಿದರೆ ಮಗು ಒಂದಕ್ಕೆ ಹೋಗುತ್ತಾ?

ಪ್ರಶ್ನೆ: ಮಗನಿಗೆ ಎರಡು ವರ್ಷ ಎಂಟು ತಿಂಗಳು. ಜೂನ್‌ನಲ್ಲಿ ಪ್ಲೇಸ್ಕೂಲಿಗೆ ಸೇರಿಸಬೇಕು, ಡೈಪರ್ ಇಲ್ಲದೆ ಕಳಿಸಿ ಅಂತ ಹೇಳಿದ್ದಾರೆ. ಇವನು ಆಟಕ್ಕೆ ಕೂತರೆ ಮುಗಿಯಿತು, ಚಡ್ಡಿಯಲ್ಲೇ ಮಾಡಿಕೊಳ್ಳುತ್ತಾನೆ. ಅರ್ಧ ಗಂಟೆಗೊಮ್ಮೆ ಹಾಡು ಹಾಕಿ, ದೀಪ ಮಿನುಗಿಸಿ ಪಾಟಿಗೆ ಕರೆಯುವ ಮಕ್ಕಳ ವಾಚ್ ಸಿಗುತ್ತದಂತೆ. ನಮ್ಮವರು ಆರ್ಡರ್ ಮಾಡೋಣ ಅಂತಾರೆ. ಅತ್ತೆ, "ನಾವು ಯಾವ ವಾಚ್ ಕಟ್ಟಿ ಮಕ್ಕಳನ್ನ ಬೆಳೆಸಿದ್ವಿ?" ಅಂತಾರೆ. ಏನು ಮಾಡಲಿ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ತಗೊಂಡರೆ ತಪ್ಪೇನಿಲ್ಲ. ಆದರೆ ಅದು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಅಂತ ಮೊದಲು ಗೊತ್ತಿರಲಿ. ಈ ವಾಚುಗಳಲ್ಲಿ 30, 60, 90 ನಿಮಿಷ ಅಂತ ಹೊತ್ತು ಇಡಬಹುದು, ಹೊತ್ತಾದಾಗ ಹಾಡುತ್ತವೆ, ಅಷ್ಟೇ. ನಿಮ್ಮ ಮಗನಿಗೆ ಉಚ್ಚೆ ಬಂದಿದೆಯೋ ಇಲ್ಲವೋ ಅಂತ ವಾಚಿಗೆ ಗೊತ್ತಾಗುವುದಿಲ್ಲ. ಅವನು ಕಲಿಯಬೇಕಾಗಿರುವುದು ಅದನ್ನೇ ಅಲ್ವಾ? ಕಿಬ್ಬೊಟ್ಟೆ ಬಿಗಿಯಾದಾಗ 'ಈಗ ಹೋಗಬೇಕು' ಅಂತ ತಾನೇ ತಿಳಿದುಕೊಳ್ಳುವುದು.

ನಾನು ಶಿಶುವಿಹಾರ ನಡೆಸುತ್ತಿದ್ದಾಗ ಒಬ್ಬ ಪುಟ್ಟ ಹುಡುಗಿ ಇಂಥದ್ದೇ ವಾಚ್ ಕಟ್ಟಿಕೊಂಡು ಬರುತ್ತಿದ್ದಳು. ಮೊದಲ ವಾರ ಹಾಡು ಬಂದ ತಕ್ಷಣ ಓಡುತ್ತಿದ್ದಳು. ಎರಡನೇ ವಾರದಿಂದ ಮಣ್ಣಲ್ಲಿ ಕೂತು ತೆಂಗಿನ ಚಿಪ್ಪಿನಲ್ಲಿ ಇಡ್ಲಿ ಹಾಕುತ್ತಾ, ಹಾಡು ಬಂದರೆ ಗುಂಡಿ ಒತ್ತಿ ಸುಮ್ಮನಾಗಿಸಿ, ಮತ್ತೆ ಇಡ್ಲಿಗೆ ಕೈ ಹಾಕುತ್ತಿದ್ದಳು. ಆದರೆ ಅವಳ ಮೈ ನೋಡಿದರೆ ಸಾಕಿತ್ತು. ಮಾತು ನಿಲ್ಲುತ್ತಿತ್ತು, ತೊಡೆ ಒತ್ತಿಕೊಂಡು ಹಿಮ್ಮಡಿಯ ಮೇಲೆ ಕೂರುತ್ತಿದ್ದಳು. ಆಗ ನಮ್ಮ ಆಯಾ ಪಕ್ಕದಲ್ಲಿ ಕೂತು, "ಪುಟ್ಟಿ, ಉಚ್ಚೆ ಬಂದಂಗಿದೆ ಅಲ್ವಾ? ಇಡ್ಲಿ ಬೇಯೋಷ್ಟರಲ್ಲಿ ಹೋಗಿ ಬಂದುಬಿಡೋಣ" ಅನ್ನುತ್ತಿದ್ದರು. ಎದ್ದು ಬರುತ್ತಿದ್ದಳು. ದಿನವೂ ಇದೇ ಮಾತು ಕೇಳಿ ಕೇಳಿ, ಒಂದು ದಿನ ಅವಳೇ ಚಿಪ್ಪು ಕೆಳಗಿಟ್ಟು "ಆಯಾ, ಬಂತು" ಅಂದಳು.

ಅದಕ್ಕೇ ನಿಮ್ಮ ಅತ್ತೆಯ ಮಾತನ್ನು ತಳ್ಳಿಹಾಕಬೇಡಿ. ಅಜ್ಜಿಯರು ಕಾಲು ಚಾಚಿ, ಕೂಸನ್ನು ಪಾದಗಳ ಮೇಲೆ ಕೂರಿಸಿಕೊಂಡು 'ಉಸ್ಸ್' ಅನ್ನುತ್ತಿದ್ದುದೂ ನೆನಪು ಮಾಡುವುದೇ, ಆದರೆ ಎದ್ದ ತಕ್ಷಣ, ಹಾಲು ಕುಡಿದ ಮೇಲೆ, ಮುಖ ಕೆಂಪಗಾದಾಗ, ಹೀಗೆ ಮಗುವನ್ನು ನೋಡಿಕೊಂಡು ಮಾಡುತ್ತಿದ್ದರು. ನೀವೂ ಮೂರು ದಿನ ಅವನು ಎಷ್ಟು ಹೊತ್ತಿಗೆ ಒದ್ದೆ ಮಾಡಿಕೊಳ್ಳುತ್ತಾನೆ ಅಂತ ಕ್ಯಾಲೆಂಡರಿನ ಹಿಂದೆ ಬರೆದಿಡಿ. ಎರಡು ಗಂಟೆ ಒಣಗಿರುತ್ತಾನೆ, ಚಡ್ಡಿ ತಾನೇ ಇಳಿಸುತ್ತಾನೆ, ಒದ್ದೆಯಾದರೆ ಮುಜುಗರ ಪಡುತ್ತಾನೆ ಅಂದರೆ ಕಲಿಯಲು ತಯಾರಾಗಿದ್ದಾನೆ. ಇದ್ಯಾವುದೂ ಇಲ್ಲದಿದ್ದರೆ ವಾಚ್ ಕಟ್ಟಿದರೂ ಕಿರಿಕಿರಿಯೇ ಜಾಸ್ತಿ.

ವಾಚ್ ತಗೊಂಡರೂ ಅರ್ಧ ಗಂಟೆಗೆ ಇಡಬೇಡಿ. ಈ ವಯಸ್ಸಿನ ಮಗುವಿನ ಮೂತ್ರಕೋಶದಲ್ಲಿ ಸುಮಾರು 110ರಿಂದ 140 ಮಿ.ಲೀ. ಹಿಡಿಯುತ್ತದೆ, ಒಂದು ಕಾಫಿ ಲೋಟದಷ್ಟು. ಅದು ತುಂಬುವ ಮೊದಲೇ ಪದೇ ಪದೇ ಕೂರಿಸಿದರೆ, ತುಂಬಿದಾಗ ಹೇಗನ್ನಿಸುತ್ತದೆ ಅಂತ ಮಗುವಿಗೆ ತಿಳಿಯುವುದಾದರೂ ಹೇಗೆ? 90 ನಿಮಿಷಕ್ಕೆ ಇಡಿ. ಹಾಡು ಬಂದಾಗ "ಹೋಗು" ಅನ್ನಬೇಡಿ, "ಬಂದಿದೆಯಾ ನೋಡಿಕೋ" ಅನ್ನಿ. ಎರಡು ಮೂರು ವಾರ ಆದ ಮೇಲೆ ಬಿಚ್ಚಿಟ್ಟುಬಿಡಿ. ವಾಚಿನಿಂದ ನಿಜವಾಗಿ ಆಗುವ ಒಂದು ಉಪಕಾರ ಇದೆ: ಕರೆದಿದ್ದು ಅಮ್ಮ ಅಲ್ಲ, ವಾಚ್ ಅಂತಾದಾಗ ಹಟಮಾರಿ ಮಗುವಿನ ಜೊತೆ ಜಗಳ ಕಮ್ಮಿಯಾಗುತ್ತದೆ. ಬೆಳವಣಿಗೆ ನಿಧಾನವಾಗಿರುವ ಮಕ್ಕಳಿಗೂ ಹೊತ್ತು ಹೊತ್ತಿಗೆ ಸಿಗುವ ಇಂಥ ಸೂಚನೆ ಅನುಕೂಲ. ಆದರೆ ಈ ಕೆಲಸವನ್ನು ನಿಮ್ಮ ಫೋನಿನ ಅಲಾರಂ ಕೂಡ ದುಡ್ಡಿಲ್ಲದೆ ಮಾಡುತ್ತದೆ.

ಕಕ್ಕ ಗಟ್ಟಿಯಾಗಿದೆಯಾ ಅಂತಲೂ ನೋಡಿ. ಇದನ್ನು ತುಂಬಾ ಜನ ಮರೆಯುತ್ತಾರೆ. ಮಲ ಕಟ್ಟಿಕೊಂಡರೆ ಅದು ಮೂತ್ರಕೋಶವನ್ನು ಒತ್ತುತ್ತದೆ, ಮಗು ಬೇಕಂತಲೇ ಮಾಡುತ್ತಿದೆ ಅಂತ ನಾವು ಬೈಯುತ್ತೇವೆ. ದಿನವಿಡೀ ಹಾಲೇ ಕುಡಿಸುತ್ತಿದ್ದರೆ ಕಮ್ಮಿ ಮಾಡಿ. ಪಪ್ಪಾಯಿ, ಸೊಪ್ಪು, ನೀರು ಜಾಸ್ತಿಯಾಗಲಿ. ತಿಂಡಿ ತಿಂದ ಮೇಲೆ ಕರುಳು ತಾನಾಗಿ ಚುರುಕಾಗುತ್ತದೆ, ಆಗ ಐದು ನಿಮಿಷ ಕೂರಿಸಿ. ಕಾಲು ನೇತಾಡಬಾರದು, ಕೆಳಗೊಂದು ಮಣೆ ಇಡಿ.

ಕೊನೆಗೆ ಬ್ಯಾಟರಿ ವಿಷಯ. ಇದೊಂದನ್ನು ದಯವಿಟ್ಟು ಹಗುರವಾಗಿ ತಗೋಬೇಡಿ. ಇಂಥ ವಾಚುಗಳಲ್ಲಿ ಗುಂಡಿಯಂಥ ಬ್ಯಾಟರಿ ಇರುವುದುಂಟು. ಮಗು ಅದನ್ನು ನುಂಗಿ ಗಂಟಲಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗಬಹುದು. ಮುಚ್ಚಳಕ್ಕೆ ಸ್ಕ್ರೂ ಇಲ್ಲದಿದ್ದರೆ ವಾಚ್ ಕೊಳ್ಳಲೇಬೇಡಿ. ನುಂಗಿದೆ ಅಂತ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಿ.

ಪ್ಲೇಸ್ಕೂಲಿನವರ ಜೊತೆ ಈಗಲೇ ಮಾತಾಡಿ. ಬ್ಯಾಗಿನಲ್ಲಿ ಎರಡು ಚಡ್ಡಿ ಜಾಸ್ತಿ ಇಟ್ಟು ಕಳಿಸುತ್ತೇನೆ ಅನ್ನಿ. ಮೂರು ವರ್ಷದ ಮಗು ಒಮ್ಮೊಮ್ಮೆ ಒದ್ದೆ ಮಾಡಿಕೊಳ್ಳುವುದು ಸಹಜ, ಅದಕ್ಕೆ ಅವರು ತಯಾರಿರಬೇಕು.

ಪ್ರಶ್ನೆ: ಮಗಳಿಗೆ ಆರೂವರೆ ವರ್ಷ, ರಾತ್ರಿ ಹಾಸಿಗೆ ಒದ್ದೆ ಮಾಡುತ್ತಾಳೆ. ಒದ್ದೆಯಾದರೆ ಬಡಿದುಕೊಳ್ಳುವ ಅಲಾರಂ ಇದೆಯಂತೆ. ಅದೂ ವಾಚಿನ ಹಾಗೆಯಾ?
– ಒಬ್ಬ ತಂದೆ, ಶಿವಮೊಗ್ಗ

ಉತ್ತರ: ಅಲ್ಲ. ವಾಚ್ ಹೊತ್ತು ನೋಡಿ ಕೂಗುತ್ತದೆ, ಇದು ಮೊದಲ ಹನಿ ಬಿದ್ದಾಗ ಕೂಗುತ್ತದೆ. ಹಾಗಾಗಿ ನಿದ್ದೆಯಲ್ಲಿರುವ ಮಗು ನಿಧಾನವಾಗಿ ತನ್ನ ಮೈಯ ಸೂಚನೆಗೇ ಎಚ್ಚರಾಗುವುದನ್ನು ಕಲಿಯುತ್ತದೆ. ವೈದ್ಯರೂ ಇದನ್ನು ಹೇಳುತ್ತಾರೆ. ಆದರೆ ಎರಡು ಮೂರು ತಿಂಗಳು ಒಂದು ರಾತ್ರಿಯೂ ಬಿಡದೆ ಮಾಡಬೇಕು, ಶುರುವಿನಲ್ಲಿ ಅಲಾರಂ ಆದಾಗ ಏಳುವವರು ನೀವೇ, ಅವಳಲ್ಲ. ಆರು ತಿಂಗಳು ಒಣಗಿದ್ದವಳು ಈಗ ಮತ್ತೆ ಶುರು ಮಾಡಿದ್ದರೆ, ಉಚ್ಚೆ ಹೋಗುವಾಗ ಉರಿ ಇದ್ದರೆ, ಬಾಯಾರಿಕೆ ಜಾಸ್ತಿಯಾಗಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ಬೈಯಬೇಡಿ, ನಿದ್ದೆಯಲ್ಲಿ ಆಗುವುದು ಅವಳ ಕೈಯಲ್ಲಿಲ್ಲ. ಇದು ವಂಶದಲ್ಲಿ ಬರುವುದುಂಟು. ನಿಮಗೂ ಚಿಕ್ಕಂದಿನಲ್ಲಿ ಹೀಗಾಗುತ್ತಿತ್ತಾ ಅಂತ ನಿಮ್ಮ ತಾಯಿಯನ್ನು ಕೇಳಿ. ಹೌದು ಅಂದರೆ, ಇವತ್ತೇ ರಾತ್ರಿ ಮಲಗುವಾಗ ಮಗಳಿಗೆ ಹೇಳಿಬಿಡಿ.