ಕಾಂಗ್ರೆಸ್ ಬನ್‌ಗೆ ನಾನು ಕಟ್ಟಿದ ಕಥೆ

ನಿಮ್ಮ ಹೊಸ ಸ್ಯಾಂಡ್‌ವಿಚ್‌ನ ಹೆಸರಿಗೆ ಮೂರು ತಮಾಷೆ ಕಥೆ ಕಟ್ಟಿದ್ದೀರಿ, ಯಾವುದನ್ನು ಬೋರ್ಡಿಗೆ ಹಾಕಿದರೆ ಜನ ನಂಬುತ್ತಾರೆ ಅಂತ ಕೇಳಿದ್ದೀರಿ. ಜನ ನಂಬುವಂಥ ಕಥೆ ಹಾಕಲೇಬಾರದು. ಇದನ್ನು ನಾನು ಮಾಡಿ ನೋಡಿದ್ದೇನೆ.

ಬೆಂಗಳೂರಿನಲ್ಲಿ ನನ್ನದೊಂದು ಸಣ್ಣ ಬೇಕರಿ ಇತ್ತು. ಕಾಂಗ್ರೆಸ್ ಬನ್ ಜಾಸ್ತಿ ಖರ್ಚಾಗುತ್ತಿತ್ತು. ಬನ್ ಸೀಳಿ, ಬೆಣ್ಣೆ ಸವರಿ, ಒಳಗೆ ಕಾಂಗ್ರೆಸ್ ಕಡಲೆಕಾಯಿ ತುಂಬುವುದು. ಅಂದರೆ ಹುರಿದು, ಸಿಪ್ಪೆ ಉಜ್ಜಿ, ಎರಡು ಹೋಳು ಮಾಡಿ, ಇಂಗು, ಕರಿಬೇವು, ಖಾರ ಹಾಕಿದ ಬೀಜ. 1969ರಲ್ಲಿ ಕಾಂಗ್ರೆಸ್ ಪಕ್ಷ ಎರಡು ಹೋಳಾಯಿತು, ಅದಕ್ಕೇ ಈ ಹೆಸರು ಅಂತ ಹಳಬರು ಹೇಳುತ್ತಾರೆ. ಆ ವರ್ಷ ಜುಲೈನಲ್ಲಿ ಅಧಿವೇಶನ ನಡೆದದ್ದು ನಮ್ಮ ಲಾಲ್‌ಬಾಗ್ ಗಾಜಿನಮನೆಯಲ್ಲೇ. ಇಷ್ಟು ಸೊಗಸಾದ ಕಥೆ ಇದ್ದರೂ ನನಗೆ ಸಾಲಲಿಲ್ಲ.

1924ರ ಬೆಳಗಾವಿ ಅಧಿವೇಶನದಲ್ಲಿ ಊಟ ತಡವಾಯಿತು, ಅಡುಗೆಯವರು ಗಾಬರಿಯಲ್ಲಿ ಬನ್ನಿಗೆ ಕಡಲೆಬೀಜ ತುಂಬಿದರು, ಗಾಂಧೀಜಿ ಬೆಣ್ಣೆ ಬೇಡವೆಂದು ಹೇಳಿ ಎರಡು ತಿಂದರು ಅಂತ ಅಂಗಡಿಯ ಬೋರ್ಡಿನಲ್ಲಿ ಬರೆದೆ. ಎಲ್ಲರೂ ನಕ್ಕರು, ಫೋಟೊ ತೆಗೆದುಕೊಂಡರು.

ಏಳನೇ ಕ್ಲಾಸಿನ ಒಂದು ಹುಡುಗಿ ಮಾತ್ರ ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡಳು. ಗಾಂಧಿ ಜಯಂತಿ ಭಾಷಣದಲ್ಲಿ ಹೇಳಿಬಿಟ್ಟಳು. ಎಲ್ಲರ ಮುಂದೆ ಮೇಷ್ಟ್ರು ತಿದ್ದಿದರಂತೆ. ಮರುದಿನ ಅಪ್ಪನ ಜೊತೆ ಬಂದು, "ಅಂಕಲ್, ನೀವು ಬರೆದಿದ್ದು ಸುಳ್ಳಾ?" ಅಂದಳು. ಕೈಯಲ್ಲಿ ಅದೇ ನೋಟ್‌ಬುಕ್. ಆಮೇಲೆ ಅವರಿಬ್ಬರೂ ಬರಲೇ ಇಲ್ಲ. ದಿನಾ ಬೆಳಗ್ಗೆ ಬರುತ್ತಿದ್ದವರು.

ನನ್ನ ತಪ್ಪು ಬರೀ ಸುಳ್ಳು ಹೇಳಿದ್ದಲ್ಲ, ಅದನ್ನು ನಿಜದ ಜೊತೆ ಬೆರೆಸಿದ್ದು, ನೋಡಿ. ಇಸವಿ ನಿಜ. ಊರು ನಿಜ. ಆ ಅಧಿವೇಶನಕ್ಕೆ ಗಾಂಧೀಜಿಯೇ ಅಧ್ಯಕ್ಷರು, ಅದೂ ನಿಜ. ಬನ್ ಒಂದೇ ಸುಳ್ಳು. ಮೂರು ನಿಜದ ಮಧ್ಯೆ ಒಂದು ಸುಳ್ಳು ಕೂತರೆ ಮಗು ಹೇಗೆ ಕಂಡುಹಿಡಿಯಬೇಕು? ಇಸವಿ ಇಲ್ಲದಿದ್ದರೆ ಅವಳು ಬರೆದುಕೊಳ್ಳುತ್ತಲೇ ಇರಲಿಲ್ಲ. ಇಸವಿ ಕಂಡರೆ ಮಕ್ಕಳಿಗೆ ಅದು ಪಾಠ. ದೊಡ್ಡವರಿಗೂ ಅಷ್ಟೇ. ಕಥೆ ಒಮ್ಮೆ ಅಂಟಿದರೆ ಬಿಡುವುದೂ ಇಲ್ಲ: ಸ್ಯಾಂಡ್‌ವಿಚ್‌ಗೆ ಯಾರ ಹೆಸರು ಬಂತೋ ಆ ಇಂಗ್ಲೆಂಡಿನ ಸ್ಯಾಂಡ್‌ವಿಚ್ ಸಾಹೇಬರು ನೌಕಾಪಡೆಯ ಆಡಳಿತ ನಡೆಸಿದವರು, ಆದರೂ ಇವತ್ತಿಗೂ ಜನರಿಗೆ ಗೊತ್ತಿರುವುದು ಅವರು ಜೂಜಿನ ಮೇಜಿನಲ್ಲಿ ಬ್ರೆಡ್ ತಿಂದ ಕಥೆ ಮಾತ್ರ.

ಅವತ್ತೇ ಬೋರ್ಡ್ ಒರೆಸಿ, ಜಂಟಿ ಕುಟುಂಬದಲ್ಲಿದ್ದ ಕಡಲೆಬೀಜಗಳು ಜಗಳವಾಡಿ ಪಾಲಾದ ಕಥೆ ಬರೆದೆ. ಅದಕ್ಕೂ ಜನ ಅಷ್ಟೇ ನಕ್ಕರು.

ನಿಮ್ಮ ಮೂರನೇ ಕಥೆಯಲ್ಲಿ ಮೈಸೂರು ಮಹಾರಾಜರಿದ್ದಾರೆ, ಇಸವಿಯೂ ಇದೆ. ಅದನ್ನು ಬಿಟ್ಟುಬಿಡಿ. ಸೌತೆಕಾಯಿ ಮತ್ತು ಪುದೀನ ಚಟ್ನಿ ಮನೆಬಿಟ್ಟು ಓಡಿಹೋಗಿ ಮದುವೆಯಾದರು ಅಂತ ಇದೆಯಲ್ಲ, ಅದನ್ನು ಹಾಕಿ. ದೊಡ್ಡ ಅಕ್ಷರದಲ್ಲಿ.