ಐಪೀಸ್‌ನಲ್ಲಿ ಕಾಣುತ್ತದೆ, ಲ್ಯಾಪ್‌ಟಾಪ್‌ನಲ್ಲಿ ಕಪ್ಪು: ಡಿಜಿಟಲ್ ಮೈಕ್ರೋಸ್ಕೋಪ್ ಹೊಂದಿಸುವುದು ಹೇಗೆ?

ಟಿಕೋಟಾ ಹತ್ತಿರ ದ್ರಾಕ್ಷಿ ತೋಟ, ಎಲೆ ರೋಗ ನೋಡೋಕೆ ಅಂತ ಟ್ರೈನಾಕ್ಯುಲರ್ ಮೈಕ್ರೋಸ್ಕೋಪ್ ತಂದಿದ್ದೀರಿ, ಅಂದರೆ ಕಣ್ಣಿಟ್ಟು ನೋಡುವ ಎರಡು ಐಪೀಸ್ ಜೊತೆಗೆ ಕ್ಯಾಮೆರಾಗೆ ಮೂರನೇ ಕೊಳವೆ ಇರುವುದು. ಐಪೀಸ್‌ನಲ್ಲಿ ಚೆನ್ನಾಗಿ ಕಾಣುತ್ತದೆ, ಲ್ಯಾಪ್‌ಟಾಪ್‌ನಲ್ಲಿ ಒಮ್ಮೆ ಕಪ್ಪು, ಒಮ್ಮೆ ಮಸುಕು. ಕ್ಯಾಮೆರಾ ಕೆಟ್ಟಿದೆಯಾ, ವಾಪಸ್ ಕಳಿಸಲಾ ಅಂತ ಕೇಳಿದ್ದೀರಿ.

ಸದ್ಯಕ್ಕೆ ಕಳಿಸಬೇಡಿ. ನಾನು ವಿಜಯಪುರದಲ್ಲಿ ಒಂದು ಕಾಲೇಜಿನ ಜೀವಶಾಸ್ತ್ರ ಲ್ಯಾಬ್ ನೋಡಿಕೊಳ್ಳುತ್ತೇನೆ. ಇಂಥ ದೂರು ಬಂದಾಗ ಕ್ಯಾಮೆರಾ ನಿಜವಾಗಿ ಕೆಟ್ಟಿರುವುದು ಕಡಿಮೆ. ಬೆಳಕು ಅದರ ತನಕ ಸರಿಯಾಗಿ ಹೋಗುತ್ತಿರುವುದಿಲ್ಲ, ಅಷ್ಟೇ.

ಮೈಕ್ರೋಸ್ಕೋಪಿನ ತಲೆಯ ಪಕ್ಕದಲ್ಲಿ ಬೆರಳುದ್ದದ ಒಂದು ಸರಳು ಇದೆಯಾ ನೋಡಿ. ಜಾಸ್ತಿ ಮಾಡೆಲ್‌ಗಳಲ್ಲಿ ಅದನ್ನು ಹೊರಗೆ ಎಳೆದರೆ ಬೆಳಕು ಮೇಲಿನ ಕ್ಯಾಮೆರಾ ಕೊಳವೆಗೆ ತಿರುಗುತ್ತದೆ, ಕೆಲವದರಲ್ಲಿ ಒಳಗೆ ತಳ್ಳಬೇಕು. ನಿಮ್ಮ ಕಪ್ಪು ಪರದೆಗೆ ಬಹುಶಃ ಇದೇ ಕಾರಣ.

ಮಸುಕಿನ ಕಾರಣ ಬೇರೆ. ಕಣ್ಣಿಗೂ ಕ್ಯಾಮೆರಾಗೂ ಫೋಕಸ್ ಒಂದೇ ಕಡೆ ಬೀಳುತ್ತಿಲ್ಲ. ಮೊದಲು ಐಪೀಸ್‌ನಲ್ಲಿ ನೋಡಿ ಚಿತ್ರ ಚೊಕ್ಕ ಮಾಡಿಕೊಳ್ಳಿ. ಆಮೇಲೆ ಫೋಕಸ್ ತಿರುಗಣೆ ಮುಟ್ಟಬೇಡಿ. ಕ್ಯಾಮೆರಾವನ್ನೇ ಕೊಳವೆಯಲ್ಲಿ ಚೂರು ಚೂರೇ ಮೇಲೆ ಕೆಳಗೆ ಮಾಡಿ, ಪರದೆಯಲ್ಲಿ ಸರಿ ಬಂದ ಕಡೆ ಸ್ಕ್ರೂ ಬಿಗಿ ಮಾಡಿ.

ಈಗ ಮುಖ್ಯ ವಿಷಯ, ಕಂಡೆನ್ಸರ್. ಹೊಸಬರು ಇದನ್ನು ಮುಟ್ಟುವುದೇ ಇಲ್ಲ. ದೀಪದ ಬೆಳಕನ್ನು ಸ್ಲೈಡಿನ ಮೇಲೆ ಕೂಡಿಸುವ ಮಸೂರ ಇದು, ಸ್ಲೈಡ್ ಇಡುವ ಸ್ಟೇಜಿನ ಕೆಳಗೆ ಇರುತ್ತದೆ. ಅದನ್ನು ಸ್ಲೈಡಿನ ಹತ್ತಿರಕ್ಕೆ ಪೂರ್ತಿ ಏರಿಸಿ, ಒಂದು ಕೂದಲೆಳೆಯಷ್ಟು ಇಳಿಸಿ. ಅದರಲ್ಲೇ ಐರಿಸ್ ಅಂತ ಒಂದು ಬಾಗಿಲು ಇದೆ, ಸಣ್ಣ ಹಿಡಿಯಿಂದ ತೆಗೆದು ಮುಚ್ಚಬಹುದು. ಒಂದು ಐಪೀಸ್ ಕಳಚಿ ಬರಿಗಣ್ಣಲ್ಲಿ ಕೊಳವೆಯೊಳಗೆ ನೋಡಿ. ತಳದಲ್ಲಿ ದುಂಡನೆಯ ಬೆಳಕು ಕಾಣುತ್ತದೆ. ಐರಿಸ್ ಮುಚ್ಚುತ್ತಾ ಬನ್ನಿ, ಆ ದುಂಡಿನ ಅಡ್ಡಗಲ ಮುಕ್ಕಾಲು ಉಳಿದಾಗ ನಿಲ್ಲಿಸಿ. ಪೂರ್ತಿ ತೆಗೆದಿಟ್ಟರೆ ತೆಳು ಬಣ್ಣದ ಬೀಜಕಣಗಳು ಬೆಳಕಲ್ಲಿ ಮುಳುಗಿ ಹೋಗುತ್ತವೆ. ತೀರಾ ಮುಚ್ಚಿದರೆ ಪ್ರತಿಯೊಂದರ ಸುತ್ತ ಕಪ್ಪು ಗೆರೆ ಬರುತ್ತದೆ, ನೋಡೋಕೆ ಏನೋ ಚೊಕ್ಕ ಅನಿಸುತ್ತದೆ, ಆದರೆ ಒಳಗಿನ ವಿವರ ಹೋಗಿರುತ್ತದೆ. ಆಬ್ಜೆಕ್ಟಿವ್ (ಸ್ಲೈಡಿನ ಮೇಲೆ ಬರುವ, 10, 40, 100 ಅಂತ ಬರೆದ ಮಸೂರ) ಬದಲಿಸಿದಾಗಲೆಲ್ಲ ಇದನ್ನೂ ಹೊಂದಿಸಬೇಕು. ಬೆಳಕು ಜಾಸ್ತಿ ಅನಿಸಿದರೆ ಎಲ್‌ಇಡಿ ತಿರುಗಣೆ ಇಳಿಸಿ, ಐರಿಸ್‌ಗೆ ಕೈ ಹಾಕಬೇಡಿ. ದೀಪದ ಮೇಲೂ ಒಂದು ಐರಿಸ್ ಇದ್ದರೆ ನಿಮ್ಮ ಅದೃಷ್ಟ, 1893ರಲ್ಲಿ ಆಗಸ್ಟ್ ಕೋಲರ್ ಹೇಳಿಕೊಟ್ಟ ಪದ್ಧತಿಯಲ್ಲಿ ಬೆಳಕನ್ನು ಪೂರ್ತಿ ಹೊಂದಿಸಬಹುದು. ಇಲ್ಲದಿದ್ದರೂ ತೋಟದ ಕೆಲಸಕ್ಕೆ ಏನೂ ತೊಂದರೆ ಇಲ್ಲ.

ಇಷ್ಟಾದ ಮೇಲೆ ಸಾಫ್ಟ್‌ವೇರ್. ಸ್ಲೈಡಿನ ಖಾಲಿ ಜಾಗ ತೋರಿಸಿ ವೈಟ್ ಬ್ಯಾಲೆನ್ಸ್ ಒತ್ತಿ, ಬಣ್ಣ ಸರಿಯಾಗುತ್ತದೆ. ಪರದೆಯಲ್ಲಿ ಅಡ್ಡ ಪಟ್ಟೆ ಓಡುತ್ತಿದ್ದರೆ ಫ್ಲಿಕರ್ ಸೆಟ್ಟಿಂಗ್ 60 ಇದ್ದೀತು, ನಮ್ಮ ಕರೆಂಟಿಗೆ 50 ಹರ್ಟ್ಜ್ ಬೇಕು. ಚಿತ್ರ ತಡವರಿಸಿ ಬರುತ್ತಿದ್ದರೆ ನೋಡುವಾಗ ರೆಸಲ್ಯೂಶನ್ ಇಳಿಸಿ, ಫೋಟೊ ತೆಗೆಯುವಾಗ ಏರಿಸಿ.

ಡಬ್ಬಿ ಮೇಲೆ 2000 ಪಟ್ಟು ಅಂತ ಇದೆ, ನನಗೆ ಅಷ್ಟು ಬರುತ್ತಿಲ್ಲ ಅಂದಿರಿ. ಬರುವುದೂ ಇಲ್ಲ, ಬೇಕಾಗಿಯೂ ಇಲ್ಲ. ನಿಮ್ಮ 40ರ ಆಬ್ಜೆಕ್ಟಿವ್ ಮೈಮೇಲೆ 0.65 ಅಂತ ಬರೆದಿರಬೇಕು. ಅದು ಎಷ್ಟು ಬೆಳಕು ಹಿಡಿಯುತ್ತದೆ ಅನ್ನುವುದರ ಅಳತೆ. ಅದಕ್ಕೆ ಸಾವಿರದಿಂದ ಗುಣಿಸಿದರೆ 650. ಹೆಚ್ಚುಕಡಿಮೆ ಅಷ್ಟು ಪಟ್ಟಿನ ತನಕ ಹೊಸ ವಿವರ ಸಿಗುತ್ತದೆ, ಅದರಾಚೆ ಅದೇ ಮಸುಕು ದೊಡ್ಡದಾಗುತ್ತದೆ. ಎಷ್ಟೇ ಒಳ್ಳೆ ಮಸೂರ ಇರಲಿ, ಮಾಮೂಲಿ ಬೆಳಕಿನ ಮೈಕ್ರೋಸ್ಕೋಪ್ ಸುಮಾರು 0.2 ಮೈಕ್ರಾನ್‌ಗಿಂತ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಹತ್ತಿರದ ಎರಡು ಚುಕ್ಕೆಗಳನ್ನು ಬೇರೆ ಮಾಡಿ ತೋರಿಸಲಾರದು. ಈ ಮಿತಿ ಯಾಕೆ ಅಂತ ಅರ್ನ್ಸ್ಟ್ ಅಬ್ಬೆ 1873ರಲ್ಲೇ ವಿವರಿಸಿದ್ದರು. ಮಾರುವವರು ಕೆಲವೊಮ್ಮೆ ಪರದೆಯ ಇಂಚು ಸೇರಿಸಿ ಇಂಥ ದೊಡ್ಡ ಲೆಕ್ಕ ಹೇಳುತ್ತಾರೆ. ದ್ರಾಕ್ಷಿ ಎಲೆಗೆ ಬರುವ ಡೌನಿ ರೋಗದ (ಡೌನಿ ಮಿಲ್ಡ್ಯೂ) ಬೀಜಕಣ ಸುಮಾರು 14 ಮೈಕ್ರಾನ್ ಉದ್ದ, 10ರ ಆಬ್ಜೆಕ್ಟಿವ್‌ನಲ್ಲಿ ಹುಡುಕಿ 40ರಲ್ಲಿ ನೋಡಿದರೆ ಧಾರಾಳ ಸಾಕು.

ಎಲೆಯನ್ನೇ ಹಾಗೇ ಸ್ಟೇಜ್ ಮೇಲೆ ಇಟ್ಟರೆ ಮಾತ್ರ ಏನೂ ಕಾಣಲ್ಲ. ಬೆಳಕು ಕೆಳಗಿಂದ ಬರುತ್ತದೆ, ಎಲೆ ದಪ್ಪ. ಎಣ್ಣೆ ಬಿದ್ದಂಥ ಹಳದಿ ಚುಕ್ಕೆ ಇರುವ ಎಲೆ ಕಿತ್ತು, ಒದ್ದೆ ಕಾಗದದ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ರಾತ್ರಿ ಇಡಿ. ಡೌನಿ ಇದ್ದರೆ ಬೆಳಿಗ್ಗೆ ಎಲೆಯ ಅಡಿಯಲ್ಲಿ ಆ ಚುಕ್ಕೆಯ ನೇರಕ್ಕೆ ಬಿಳಿ ಬೂಜು ಬಂದಿರುತ್ತದೆ. ಸೂಜಿ ಮೊನೆಯಲ್ಲಿ ಸ್ವಲ್ಪ ಕೆರೆದು ಒಂದು ಹನಿ ನೀರಿಗೆ ಹಾಕಿ, ಅದರ ಮೇಲೆ ಕವರ್‌ಸ್ಲಿಪ್ (ತೆಳು ಗಾಜಿನ ಚೂರು) ಓರೆಯಾಗಿ ಇಳಿಸಿ, ಗುಳ್ಳೆ ಬರಬಾರದು. ಕವರ್‌ಸ್ಲಿಪ್ ಬಿಡಬೇಡಿ, 40ರ ಆಬ್ಜೆಕ್ಟಿವ್ ಅನ್ನು 0.17 ಮಿಲಿಮೀಟರ್ ಗಾಜಿನ ಲೆಕ್ಕದಲ್ಲೇ ಮಾಡಿರುತ್ತಾರೆ. ಸಣ್ಣ ಗಿಡದ ಹಾಗೆ ಕವಲೊಡೆದ ಕಡ್ಡಿಗಳು, ಕವಲುಗಳೆಲ್ಲ ಹೆಚ್ಚುಕಡಿಮೆ ಲಂಬಕೋನದಲ್ಲಿ, ತುದಿಯಲ್ಲಿ ನಿಂಬೆ ಆಕಾರದ ಕಣಗಳು ಕಂಡರೆ ಡೌನಿ. ಗಿಡ್ಡ ಪೀಪಾಯಿಗಳನ್ನು ಸಾಲಾಗಿ ಪೋಣಿಸಿದಂತೆ ಕಂಡರೆ ಬೂದಿ ರೋಗ. ಎರಡಕ್ಕೂ ಔಷಧಿ ಬೇರೆ, ಹಾಗಾಗಿ ಸಿಂಪರಣೆಗೆ ಮೊದಲು ನೋಡುವುದು ಲಾಭ. ಡೌನಿಯ ಸ್ಲೈಡ್ ಒಣಗದಂತೆ ತಂಪಲ್ಲಿ ಒಂದೆರಡು ತಾಸು ಇಟ್ಟು ಮತ್ತೆ ನೋಡಿ. ಕಣಗಳು ತಾಜಾ ಇದ್ದರೆ ಕೆಲವು ಒಡೆದು ಒಳಗಿಂದ ಪುಟ್ಟ ಚುಕ್ಕೆಗಳು ಹೊರಬಂದು ಸರಸರ ಈಜುತ್ತವೆ. ಎಲೆ ಒದ್ದೆಯಿದ್ದಾಗ ಡೌನಿ ಯಾಕೆ ಹಬ್ಬುತ್ತದೆ ಅಂತ ನಮ್ಮ ಹುಡುಗರಿಗೆ ನಾನು ಪಾಠ ಮಾಡುವುದಿಲ್ಲ, ಇದನ್ನೇ ತೋರಿಸುತ್ತೇನೆ.

100ರ ಆಬ್ಜೆಕ್ಟಿವ್ ಮತ್ತು ಅದಕ್ಕೆ ಹಾಕಬೇಕಾದ ಎಣ್ಣೆಯ ಸಹವಾಸ ಸದ್ಯಕ್ಕೆ ಬೇಡ. ಎಣ್ಣೆ 40ರ ಮಸೂರಕ್ಕೆ ಹತ್ತಿದರೆ ತೆಗೆಯುವುದು ದೊಡ್ಡ ತ್ರಾಸು. ನಮ್ಮ ಕಡೆ ಧೂಳು ಬೇರೆ, ಕೆಲಸ ಮುಗಿದ ಕೂಡಲೇ ಕವರ್ ಹಾಕಿ.

ಅಕ್ಟೋಬರ್ ಚಾಟ್ನಿಗೆ (ಬಳ್ಳಿಯ ಕಡ್ಡಿ ಕತ್ತರಿಸುವುದಕ್ಕೆ) ಮುಂಚೆ ಕಡ್ಡಿಯ ಕಣ್ಣಿನಲ್ಲಿ, ಅಂದರೆ ಮೊಗ್ಗಿನಲ್ಲಿ, ಗೊನೆಯ ಎಳೆ ರೂಪ ಇದೆಯಾ ಅಂತ ನೋಡಲೂ ಇದೇ ಸಾಕಾ ಅಂತ ಕೊನೆಗೆ ಕೇಳಿದ್ದೀರಿ. ಅದಕ್ಕೆ ಇದು ಬರಲ್ಲ. ಕಣ್ಣನ್ನು ಬ್ಲೇಡಿನಿಂದ ತೆಳ್ಳಗೆ ಕೊಯ್ಯುತ್ತಾ ಮೇಲಿಂದ ಬೆಳಕು ಬಿಟ್ಟು ನೋಡಬೇಕು, 20ರಿಂದ 40 ಪಟ್ಟು ಸಾಕು. ಸ್ಟೀರಿಯೊ ಮೈಕ್ರೋಸ್ಕೋಪ್ (ಎರಡು ಕಣ್ಣಿಂದ ವಸ್ತುವನ್ನು ಉಬ್ಬುತಗ್ಗಿನ ಸಮೇತ ತೋರಿಸುವುದು) ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಸುತ್ತ ಎಲ್‌ಇಡಿ ಇರುವ, ಕೈಯಲ್ಲಿ ಹಿಡಿಯುವ ಅಗ್ಗದ ಯುಎಸ್‌ಬಿ ಮೈಕ್ರೋಸ್ಕೋಪ್ ತಗೊಳ್ಳಿ, ಜೊತೆಗೆ ಸ್ಟ್ಯಾಂಡ್ ಬಂದಿದೆಯಾ ನೋಡಿ. ಕೈಯಲ್ಲಿ ಹಿಡಿದೇ ನೋಡುತ್ತೇನೆ ಅಂದರೆ ಚಿತ್ರ ನಿಲ್ಲಲ್ಲ.